ಮಾತು ಬಿಟ್ಟ ಎರಡು ಕಿವಿಗಳು

ನಮ್ಮ ಸೋದರತ್ತೆಯ ಎರಡು ಕಿವಿಗಳು ಒಂದಕ್ಕೊಂದು ಮಾತು ಬಿಟ್ಟಿದ್ದವು ಎಂದರೆ ನೀವು ನಂಬುತ್ತೀರಾ? ಅತ್ತೆಯ ಊರಾದ ಬಿಳಿಗೆರೆಯವರು ನಂಬುತ್ತಾರೆ. ಯಾವ ಕಿವಿಯ ಕಡೆ ನಿಂತರೆ ಕೆಲಸವಾಗುತ್ತದೆ ಎಂದು ಅವರು ಅತ್ತೆಯ ಮುಖ ನೋಡಿಯೇ ಹೇಳಬಲ್ಲವರಾಗಿದ್ದರು!

ಮೊಬೈಲ್ ಫೋನು ಊರಿಗೆ ಒಂದೋ ಎರಡೋ ಇದ್ದ ಕಾಲ. ಅತ್ತೆಗೆ ಅರವತ್ತು ದಾಟಿತ್ತು, ಕಿವಿ ಕೇಳದಾಗಿ ಎಷ್ಟೋ ವರ್ಷವಾಗಿತ್ತು. ಎಡಗಿವಿಯ ಹಿಂದೆ ಒಂದು ಹಳೆಯ ಹಿಯರಿಂಗ್ ಏಡ್. ಅದರಲ್ಲಿ ಗುಂಯ್ ಎನ್ನುವ ಸದ್ದು ಬಿಟ್ಟರೆ ಮಾತು ತಿಳಿಯುತ್ತಿರಲಿಲ್ಲ. ಬಲಗಿವಿಗೆ ಆಪರೇಷನ್ ಮಾಡಿ ಒಳಗೊಂದು ಯಂತ್ರ ಕೂರಿಸಬಹುದು ಎಂದು ಬೆಂಗಳೂರಿನ ಡಾಕ್ಟರು ಹೇಳಿದಾಗ, ಈ ವಯಸ್ಸಿನಲ್ಲಿ ಬೇಡ ಎಂದು ಮನೆಯವರೆಲ್ಲ ಅಡ್ಡ ನಿಂತರು. ಅತ್ತೆ ಹಟ ಹಿಡಿದಳು.

"ಊರೋರ ಮಾತು ಕಟ್ಕೊಂಡು ನನಗೇನಾಗ್ಬೇಕು? ನಿಮ್ ಮಾವನ ದನಿ ಒಂದ್ಸಲ ಕೇಳ್ಬೇಕು ಕಣಪ್ಪ," ಎಂದಳು ನನ್ನ ಹತ್ತಿರ.

ಮಾವನೋ, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು! ಅಂಥವರ ದನಿಗಾಗಿ ತಲೆಗೆ ಕತ್ತರಿ ಹಾಕಿಸಿಕೊಳ್ಳುವವರುಂಟೇ?

ಹಾಕಿಸಿಕೊಂಡಳು. ತಿಂಗಳುಗಳು ಕಳೆದಂತೆ ಬಲಗಿವಿಗೆ ಮಾತು ಸ್ಪಷ್ಟವಾಗಿ ತಿಳಿಯತೊಡಗಿತು. ಆದರೆ ಮಾವ, ನಾನು, ಹಾಲು ಹಾಕುವ ಹೆಂಗಸು, ಎಲ್ಲರದೂ ತಗಡು ಬಡಿದಂಥ ಒಂದೇ ದನಿ! "ಮಾತು ಬಂತು, ಮನುಷ್ಯರು ಬರ್ಲಿಲ್ಲ ಬುಡು," ಎಂದು ಅತ್ತೆ ಮುಖ ಸಣ್ಣದು ಮಾಡಿಕೊಂಡಳು. ಎಡಗಿವಿಯ ಏಡ್, ಬಲಗಿವಿ ಯಂತ್ರದ ಹೊರಗೆ ತೊಡುವ ಭಾಗ, ಎರಡನ್ನೂ ಒಟ್ಟಿಗೆ ಹಾಕಿಕೊಂಡು ಅಭ್ಯಾಸ ಮಾಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಕೇಳಬೇಕಲ್ಲ! ಎತ್ತನ್ನೂ ಕೋಣನನ್ನೂ ಒಂದೇ ನೊಗಕ್ಕೆ ಕಟ್ಟುತ್ತಾರೆಯೇ ಎಂದು ಅವರಿಗೇ ಪಾಠ ಹೇಳಿ ಬಂದಳು. ಅಂದಿನಿಂದ ಒಂದು ಸಲಕ್ಕೆ ಒಂದೇ ಯಂತ್ರ: ಸುದ್ದಿ ತಂದವರಿಗೆ ಬಲಗಿವಿ, ಬುದ್ಧಿ ಹೇಳಲು ಬಂದವರಿಗೆ ಎಡಗಿವಿ. ಬುದ್ಧಿವಾದವೆಲ್ಲ ಗುಂಯ್ ಎಂದು ಹೋಗುತ್ತಿತ್ತು.

ಕೊನೆಗೆ ಅವಳನ್ನು ಸೋಲಿಸಿದ್ದು ಅಟ್ಟದ ಮೇಲಿನ ತೆಂಗಿನಕಾಯಿ. ಒಣಗಲು ಹಾಕಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವುದು ನಮ್ಮ ಕಡೆಯ ಪದ್ಧತಿ. ಹಿಂದೆ ಅದರಲ್ಲಿ ಅತ್ತೆಯ ಮಾತಿಗೆ ಎದುರಿರಲಿಲ್ಲ. ಒಂದು ದಿನ ನನ್ನನ್ನೂ ಕರೆದುಕೊಂಡು ಅಟ್ಟ ಹತ್ತಿ ಒಂದು ಕಾಯಿಯನ್ನು ಬಲಗಿವಿಗೆ ಅಲ್ಲಾಡಿಸಿದಳು: ಟಕ್ ಟಕ್. ಎಡಗಿವಿಗೆ: ಬರೀ ಗುಡುಗುಡು. ಒಂದೇ ಕಾಯಿಯೊಳಗೆ ಎರಡು ಕೊಬ್ಬರಿಯೇ? ಸಿಟ್ಟಿನಿಂದ ಎರಡು ಯಂತ್ರವನ್ನೂ ಹಾಕಿಕೊಂಡು ಮೂಗಿನ ಮುಂದೆ ಅಲ್ಲಾಡಿಸಿದಳು. ಕೈ ಹಾಗೇ ನಿಂತಿತು: ಎರಡು ಸದ್ದೂ ಕೂಡಿ ಹಿಂದಿನ ಒಂದೇ ಸದ್ದಾಗಿತ್ತು.

"ಇದು ಕಣ್ಲಾ ಕಾಯಿ ಸದ್ದು," ಎಂದಳು ಮೆಲ್ಲಗೆ.

ಸರಸರನೆ ಇಳಿದು ಬಂದು, ಜಗಲಿಯಲ್ಲಿ ಕಾಯಿ ಸುಲಿಯುತ್ತಿದ್ದ ಮಾವನ ಎದುರು ಕುಳಿತು, ಏನಾದರೂ ಮಾತಾಡಿ ಎಂದಳು. ಮಾವ ನಾಚಿಕೊಂಡು, ಹಿಂದೆಯೇ ಇಳಿದು ಬಂದ ನನ್ನ ಕಡೆ ನೋಡಿದರು.

"ಏನಂತ ಮಾತಾಡ್ಲೇ? ಉಂಡ್ಯಾ?"

ಅತ್ತೆ ಕಣ್ಣು ಮುಚ್ಚಿಕೊಂಡಳು. ಅದೇ ದನಿ, ಅವಳ ಮುಖ ಅರಳಿತು. ಆದರೆ ಇಷ್ಟು ವರ್ಷ ಅವಳು ನೆನಪಿನಲ್ಲಿ ಕಾಪಾಡಿಕೊಂಡು ಬಂದದ್ದು ತೋಟದ ಆ ತುದಿಯಿಂದ ಈ ತುದಿಗೆ ಕೂಗುತ್ತಿದ್ದ ಗಂಡಸಿನ ದನಿ. ಇದು ನಡುಗುತ್ತಿತ್ತು. ಅತ್ತೆ ಕೈ ಚಾಚಿ ಮಾವನ ಗಂಟಲು ಮುಟ್ಟಿದಳು.

"ನಿಮ್ ದನಿಗೆ ಯಾವಾಗ್ರೀ ವಯಸ್ಸಾಯ್ತು? ನಾನು ಕೇಳಿಸ್ಕೊಳ್ಳಲೇ ಇಲ್ವಲ್ರೀ."