ಕುಂತು ತೀರಿಸುವ ಮುಯ್ಯಿ

ಸಂಕ್ರಮಣ ಹತ್ತಿರ ಬಂದಿತ್ತು. ತುಕ್ಕಾನಟ್ಟಿಯ ಎರೆಹೊಲಗಳಲ್ಲಿ ಬಿಳಿಜೋಳದ ತೆನೆಗೆ ಹಾಲು ತುಂಬಿ, ಕಾಳು ಹಿಚುಕಿದರೆ ಬೆರಳು ಅಂಟುತ್ತಿತ್ತು. ಈ ಹಂಗಾಮಿನಲ್ಲಿ ಊರಿಗೆ ಕೋಳಿ ಕೂಗಿ ಬೆಳಗಾಗುವುದಿಲ್ಲ. ಹೊಲದ ಅಟ್ಟಣಿಗೆಗಳ ಮೇಲಿಂದ ಬರುವ ‘ಹೋಯ್’ ಎಂಬ ಕೂಗಿಗೆ ಬೆಳಗಾಗುತ್ತದೆ. ಕವಣೆ ಬೀಸುವ ಸಪ್ಪಳ, ಡಬ್ಬಿ ಬಡಿಯುವ ಸಪ್ಪಳ, ಒಬ್ಬನ ಹೊಲದಿಂದ ಎದ್ದ ಗುಬ್ಬಿಯ ಹಿಂಡು ಇನ್ನೊಬ್ಬನ ಹೊಲಕ್ಕೆ ಇಳಿದಾಗ ಅಲ್ಲಿಂದ ಏಳುವ ಬೈಗಳ ಸಪ್ಪಳ.

ಆ ದಿನ ಲಗಮಪ್ಪನ ಹೊಲದ ಅಟ್ಟಣಿಗೆ ಮಾತ್ರ ಬರಿದಾಗಿತ್ತು. ಹಿಂದಿನ ವಾರ ನೀರು ಕುಡಿಸಲು ಒಯ್ದ ಎತ್ತು ಕೊರಳು ಕೊಡವಿ, ಹಗ್ಗ ಹಿಡಿದಿದ್ದ ಅವನ ಬಲಹೆಗಲಿನ ಕೀಲು ಸಡಿಲಿಸಿತ್ತು. ಅರಿಷಿಣ ಸುಣ್ಣ ಹಚ್ಚಿ, ಹೆಂಡತಿ ಬಾಳವ್ವನ ಹಳೆಯ ಸೀರೆಯ ತುಂಡಿನಲ್ಲಿ ಕೈಯನ್ನು ಕೊರಳಿಗೆ ಕಟ್ಟಿಕೊಂಡು, ಅವನು ಕೂಸನ್ನು ಎತ್ತಿಕೊಂಡ ಬಾಣಂತಿಯಂತೆ ಓಣಿಯಲ್ಲಿ ಅಡ್ಡಾಡುತ್ತಿದ್ದ. ಆ ಕೈಯಿಂದ ಕವಣೆ ಬೀಸುವುದಿರಲಿ, ರೊಟ್ಟಿ ಮುರಿಯುವುದೂ ಕಷ್ಟವಿತ್ತು. ಬಾಳವ್ವ ನಸುಕಿನಲ್ಲೇ ಉದ್ದವ್ವನ ಹೊಲಕ್ಕೆ ಮೆಣಸಿನಕಾಯಿ ಬಿಡಿಸಲು ಮುಯ್ಯಾಳಾಗಿ ಹೋಗಿದ್ದಳು. ಆ ಊರಲ್ಲಿ ಮುಯ್ಯಿಯೆಂದರೆ ದೇವರ ಹರಕೆಯಷ್ಟೇ ಗಟ್ಟಿ. ಇವತ್ತು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ. ಆಳಿಗೆ ಆಳು, ದಿನಕ್ಕೆ ದಿನ. ಅದನ್ನು ತಪ್ಪಿಸಿದವನ ಮನೆಯ ಹೆಣಕ್ಕೂ ಜನ ಹೆಗಲು ಕೊಡಲು ಹಿಂದೆಮುಂದೆ ನೋಡುತ್ತಿದ್ದರು.

ಉಳಿದವನು ಮಗ ಸತ್ತೆಪ್ಪ ಒಬ್ಬನೇ. ಅವನು ಸಾಲಿಗೆ ಹೋಗುವ ಹುಡುಗ.

ಊರಿಗೆ ಸಾಲಿ ಬಂದು ಕೆಲವು ವರ್ಷಗಳಾಗಿದ್ದವು. ಅದಕ್ಕೂ ಮೊದಲು ತುಕ್ಕಾನಟ್ಟಿಯ ಮಕ್ಕಳು ಕುಳಿತದ್ದನ್ನು ಕಂಡವರು ಕಡಿಮೆ. ದನದ ಹಿಂದೆ, ಕುರಿಯ ಹಿಂದೆ, ಗಾಡಿಯ ಹಿಂದೆ ಓಡುತ್ತಲೇ ಅವರಿಗೆ ಮೀಸೆ ಬರುತ್ತಿತ್ತು. “ನಮ್ಮ ಕಾಲಕ್ಕ ಹುಡುಗ ಮೂರು ಕಡೆ ಕುಂದರ್ತಿದ್ದ,” ಎಂದು ಚಾವಡಿಯ ಸೋಮಪ್ಪ ಹೇಳುತ್ತಿದ್ದ. “ಅವ್ವನ ತೊಡಿ ಮ್ಯಾಲ, ಗಂಗಾಳದ ಮುಂದ, ಲಗ್ನದ ಹಸಿಮಣಿ ಮ್ಯಾಲ. ನಾಕನೇದು ಇರಲಿಲ್ಲ.” ಹುಕ್ಕೇರಿಯಿಂದ ಬಂದ ರಾಜಪ್ಪ ಮಾಸ್ತರರು ಮೊದಲ ವರ್ಷವೆಲ್ಲ ಅಕ್ಷರ ಕಲಿಸಲಿಲ್ಲ, ಬರೀ ‘ಕುಂದರ್ರಿ’ ಎಂದರು. ಒಬ್ಬನನ್ನು ಕೂಡಿಸಿದರೆ ಇನ್ನೊಬ್ಬ ಎದ್ದಿರುತ್ತಿದ್ದ, ಹಸಿ ನೆಲದಲ್ಲಿ ಮಿಡತೆ ಹಿಡಿದಂತೆ. ಕೊನೆಗೆ ಮಕ್ಕಳು ಕೂಡುವುದನ್ನು ಕಲಿತರು. ಕಲಿತದ್ದು ಮೈಗೆ ಹತ್ತಿತು. ಈಗ ಮನೆಯಲ್ಲೂ ಕೂಡುತ್ತಿದ್ದರು, ಬಾವಿಯ ಕಟ್ಟೆಯ ಮೇಲೂ ಕೂಡುತ್ತಿದ್ದರು, ಕರು ಕಟ್ಟಲು ಹೋದವರು ಕರುವಿನ ಪಕ್ಕದಲ್ಲೇ ಕೂಡುತ್ತಿದ್ದರು. ಈ ಹೊಸ ಬಗೆಯ ಮಕ್ಕಳನ್ನು ಊರು ನಿಂತು ನೋಡುತ್ತಿತ್ತು.

ಲಗಮಪ್ಪ ಮಗನ ಹೆಗಲಿಗೆ ಕವಣೆ ಏರಿಸಿ ಹೊಸ್ತಿಲು ದಾಟಿಸುವಷ್ಟರಲ್ಲಿ ಮಾಸ್ತರರು ಎದುರಿಗೆ ಬಂದು ಹುಡುಗನ ಇನ್ನೊಂದು ಕೈ ಹಿಡಿದರು.

“ಲಗಮಪ್ಪಾ, ಇವತ್ತ ಬಿಡೂ ಹಂಗಿಲ್ಲ. ಗೋಕಾಕದಿಂದ ಸಾಲಿ ತಪಾಸ ಮಾಡೂ ಸಾಹೇಬ್ರು ಬರಾಕತ್ತಾರ. ಹ್ವಾದ ಸಲ ಬಂದಾಗ ಅರ್ಧ ಸಾಲಿ ಬರೇ ಗೋಣಿತಟ್ಟು ಇತ್ತು. ಈ ಸಲಾನೂ ಜಾಗಾ ಖಾಲಿ ಕಂಡ್ರ ಸಾಲಿ ಎತ್ತಿ ಬ್ಯಾರೆ ಊರಿಗಿ ಹಾಕ್ತೇನಿ ಅಂದಾರ.”

“ಅಲ್ರಿ ಮಾಸ್ತರ, ಸಾಲಿ ಎತ್ತಿದ್ರ ಇನ್ನೊಂದು ಬರತೈತಿ. ಹಾಲ್ದೆನಿ ಹಕ್ಕಿ ತಿಂದ್ರ ಬರೂ ವರ್ಷದ ಮಟ ಏನ್ ತಿನ್ನೂಣು?”

ಮಾಸ್ತರರು ಅತ್ತ ಎಳೆದರು, ಲಗಮಪ್ಪ ಎಡಗೈಯಿಂದ ಇತ್ತ ಎಳೆದ. ನಡುವೆ ಸತ್ತೆಪ್ಪ, ಯಾವ ಕಡೆ ಹೋದರೂ ಕುಳಿತುಕೊಳ್ಳುವುದು ಎಂಬ ಸಮಾಧಾನದಲ್ಲಿ ಸುಮ್ಮನೆ ನಿಂತಿದ್ದ.

ಪಕ್ಕದ ಮನೆಯ ಯಲ್ಲವ್ವ ಗೋಡೆಯ ಮೇಲಿಂದ ತಲೆ ಹಾಕಿದಳು. ಸೆಗಣಿ ಕೈಯನ್ನು ಗೋಡೆಗೆ ಒರೆಸುತ್ತ, “ಯಾಕ ಜಗ್ಗ್ಯಾಡ್ತೀರಿ, ಅದರ ಕೈನೂ ಕೀಳತೈತಿ. ಮಾಸ್ತರಗ ಬೇಕಾದದ್ದು ಒಂದು ಕುಂತ ಮನಷ್ಯಾ. ಲಗಮಣ್ಣ ಹೆಂಗೂ ಮನ್ಯಾಗ ಕುಂತಿರತಾನ. ಅಲ್ಲೇ ಹೋಗಿ ಕುಂದರಲಿ,” ಎಂದಳು.

ಎದುರು ಕಟ್ಟೆಯ ಮೇಲಿದ್ದ ಮುರಿಗೆಪ್ಪ ನಕ್ಕ. ಅವನ ಹೊಲ ಲಗಮಪ್ಪನ ಹೊಲಕ್ಕೆ ಹತ್ತಿಕೊಂಡೇ ಇತ್ತು. “ಖರೆ ಐತಿ. ಮುಯ್ಯಿ ಹಾಕ್ಕೋರಿ. ಮಗಾ ಅಪ್ಪನ ಬದಲಿ ಹೊಲಕ್ಕ, ಅಪ್ಪ ಮಗನ ಬದಲಿ ಸಾಲಿಗಿ. ಆಳಿಗಿ ಆಳು.”

ಮಾಸ್ತರರು ಲಗಮಪ್ಪನನ್ನು ಮೇಲಿಂದ ಕೆಳಗೆ ನೋಡಿದರು. ಸಾಲಿ ಉಳಿಯುವುದಾದರೆ ಅವರು ಎತ್ತನ್ನೂ ಕೂಡಿಸಲು ತಯಾರಿದ್ದರು. “ಆತು. ಆದ್ರ ಹೇಳ್ತೇನಿ, ಕುಂದ್ರೂದು ನೀವು ತಿಳದಷ್ಟು ಸಸಾರ ಅಲ್ಲ.”

ಲಗಮಪ್ಪನಿಗೆ ಈ ಮಾತು ನಾಟಿತು. ಜೊತೆಗೆ ಒಳಗೊಳಗೆ ಒಂದು ಕುತೂಹಲವೂ ಇತ್ತು. ಈ ಹುಡುಗರು ಹೊತ್ತೇರುವುದರಿಂದ ಹೊತ್ತಿಳಿಯುವ ತನಕ ಅಲ್ಲಿ ಕುಳಿತು ಮಾಡುವುದಾದರೂ ಏನು? ಕಾಲು ಎಲ್ಲಿ ಇಡುತ್ತಾರೆ? ಅದರಲ್ಲಿ ಅಂಥ ರುಚಿ ಏನಿದೆ? “ಕುಂದ್ರೂದು ಒಂದು ಕೆಲಸೇನ್ರಿ ಮಾಸ್ತರ,” ಎಂದು ರುಮಾಲು ಸುತ್ತಿಕೊಂಡ. ಮಗನಿಗೆ ಹೇಳಿದ: “ಅಟ್ಟಣಿಗಿ ಗಿಡ್ಡ ಐತಿ, ನೆಪ್ಪಿರಲಿ. ಕುಂತಿ ಅಂದ್ರ ತೆನಿ ಕೆಳಗ ಮುಳುಗ್ತಿ. ನಿಂತಿರಬೇಕು.”

“ಹೂಂ,” ಎಂದು ಸತ್ತೆಪ್ಪ ಹೊರಟ.

ಸಾಲಿ ಮಠದ ಪಡಸಾಲೆಯಲ್ಲಿತ್ತು. ಸತ್ತೆಪ್ಪನ ಜಾಗ ಕೊನೆಯ ಸಾಲಿನಲ್ಲಿ, ಗೋಡೆಯ ಪಕ್ಕ. ಲಗಮಪ್ಪ ತಟ್ಟಿನ ಮೇಲೆ ಕುಳಿತ. ಮೊದಲು ಬಲು ಸುಖವೆನಿಸಿತು. ತಂಪು ನೆಲ, ಬೆನ್ನಿಗೆ ಗೋಡೆ. ಇಷ್ಟಕ್ಕೇ ಮಗ ನಾಲ್ಕು ವರ್ಷದಿಂದ ದಣಿದವನಂತೆ ಮನೆಗೆ ಬರುತ್ತಾನಲ್ಲ ಎಂದು ನಗೆ ಬಂತು.

ಮುಂದಿನ ಸಾಲು ಒಂದು ಪದ್ಯ ಹೇಳಿ ಮುಗಿಸುವಷ್ಟರಲ್ಲಿ ನಗೆ ಹೋಯಿತು. ಮೊಣಕಾಲುಗಳು ಕೂರಿಗೆಯ ತಾಳುಗಳಂತೆ ಎದ್ದು ನಿಂತವು; ಒತ್ತಿ ಕೆಳಗಿಟ್ಟರೆ ಸೊಂಟ ಹಿಡಿಯಿತು. ಒಂದು ಕಾಲು ಚಾಚಿದ. ಅದು ಮುಂದಿನ ಹುಡುಗನ ಪಾಟಿಗೆ ತಾಗಿತು.

“ಲಗಮಪ್ಪಾ, ಕಾಲು,” ಎಂದರು ಮಾಸ್ತರರು.

ಕಾಲು ಒಳಗೆ ಬಂತು. ಪಾದದಲ್ಲಿ ಇರುವೆ ಹರಿದಂತಾಯಿತು, ನೋಡಿದರೆ ಇರುವೆಯಿಲ್ಲ. ಜೀವಮಾನವಿಡೀ ನಡೆದ ಕಾಲುಗಳು, ತಮಗೇನು ತಪ್ಪಾಯಿತೆಂದು ಒಡೆಯನನ್ನು ಕೇಳುತ್ತಿರುವಂತಿತ್ತು. ಆಗಲೇ ಸುದ್ದಿ ಕೇಳಿ ಸೋಮಪ್ಪ ಬಂದ. ಹೆಂಡತಿಯನ್ನು ಅಟ್ಟಣಿಗೆ ಹತ್ತಿಸಿ ಮುರಿಗೆಪ್ಪನೂ ಬಂದ. ಇಬ್ಬರೂ ಕಟ್ಟೆಗೆ ಆತು ಜಾತ್ರೆಯ ಕರಡಿಯನ್ನು ನೋಡುವಂತೆ ನೋಡಿದರು.

“ಹೆಂಗೈತೋ ಸಾಲಿ?” ಎಂದ ಮುರಿಗೆಪ್ಪ.

“ಚಲೋ ಐತಿ,” ಎಂದ ಲಗಮಪ್ಪ, ಹಲ್ಲು ಕಚ್ಚಿ.

“ಹಣಿ ಮ್ಯಾಲ ಬೆವರು ಬಂದೈತಲ್ಲೋ. ನೇಗಿಲ ಹೊಡಿಯೂವಾಗೂ ನಿನಗ ಇಷ್ಟು ಬೆವರು ಕಂಡಿಲ್ಲ.”

ಪಕ್ಕದಲ್ಲಿದ್ದ ಸಣ್ಣ ಹುಡುಗಿ ಕಾಶೆವ್ವ, ಸೋಮಪ್ಪನ ಮೊಮ್ಮಗಳು, ಬಹಳ ಹೊತ್ತಿನಿಂದ ಅವನನ್ನು ಮರುಕದಿಂದ ನೋಡುತ್ತಿದ್ದಳು. ಬಗ್ಗಿ ಪಿಸುಗುಟ್ಟಿದಳು: “ಕಾಕಾ, ನೀ ಎಲ್ಲಾ ಒಮ್ಮೆಲೇ ಕುಂತಿ. ಹಂಗ ಕುಂದರಬಾರ್ದು. ಮದಲ ಈ ಕುಂಡಿ ಮ್ಯಾಲ ಕುಂದ್ರು. ಮಾಸ್ತರ ಹಲಗಿ ಕಡೆ ತಿರಗಿದಾಗ ಆ ಕುಂಡಿಗಿ ಬಾ.”

ಲಗಮಪ್ಪ ಹಾಗೆಯೇ ಮಾಡಿದ. ಏನೋ ಒಂದಿಷ್ಟು ಜೀವ ಬಂತು. ಸುತ್ತ ನೋಡಿದಾಗ ಅವನಿಗೆ ಹೊಸದೊಂದು ಕಂಡಿತು: ಸುಮ್ಮನೆ ಕುಳಿತಂತೆ ತೋರುತ್ತಿದ್ದ ಮಕ್ಕಳೆಲ್ಲ ಎಡಕ್ಕೊಮ್ಮೆ ಬಲಕ್ಕೊಮ್ಮೆ, ಗಾಳಿಗೆ ಜೋಳದ ಹೊಲ ತೂಗಿದಂತೆ ತೂಗುತ್ತಿದ್ದರು. ಮಾಸ್ತರರು ತಿರುಗಿದರೆ ಹೊಲ ತೂಗುತ್ತಿತ್ತು, ಇತ್ತ ನೋಡಿದರೆ ನಿಲ್ಲುತ್ತಿತ್ತು. ಎಷ್ಟೋ ದಿನದ ಮೇಲೆ ಅವನಿಗೆ ಮಗನ ಬಗ್ಗೆ ಗೌರವ ಮೂಡಿತು.

ಆದರೆ ಅವನ ಕಾಲುಗಳಿಗೆ ಈ ವಿದ್ಯೆ ತಡವಾಗಿ ಬಂದಿತ್ತು. ಹೊತ್ತು ನೆತ್ತಿಗೇರುವಾಗ ಎರಡೂ ಕಾಲು ಬೇರೆ ಯಾರವೋ ಆಗಿಹೋಗಿದ್ದವು. ಅದೇ ಹೊತ್ತಿಗೆ ಸಾಹೇಬರು ಬಂದರು. ಮಕ್ಕಳೆಲ್ಲ ದಡಬಡ ಎದ್ದು ಕೈ ಮುಗಿದರು. ಲಗಮಪ್ಪ ಏಳಲು ನೋಡಿದ. ಸೊಂಟದಿಂದ ಮೇಲೆ ಮಾತ್ರ ಎದ್ದ.

ಸಾಹೇಬರು ಟೊಪ್ಪಿಗೆ ತೆಗೆದು, “ಮಾಸ್ತರ, ಆ ಮೂಲಿಯೊಳಗ ಕೂತವರು ಯಾರು?” ಎಂದರು.

“ಮಗನ ಜಾಗಾಕ್ಕ ಬಂದಾರ್ರಿ. ಪಾಲಕರು.”

“ಎಲ್ಲಾರೂ ಎದ್ರಲ್ಲ, ಇವರ್ಯಾಕ ಏಳಲಿಲ್ಲ?”

ಲಗಮಪ್ಪ ಒಂದೇ ಕೈ ಎದೆಗೆ ತಂದು ನಮಸ್ಕರಿಸಿದ. “ಸಾಹೇಬ್ರ, ಕುಂದರಾಕ ಕಲತೇನಿ. ಏಳಾಕ ಇನ್ನೂ ಕಲಿಸಿಲ್ಲರಿ.”

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ತಾಲೂಕಿನಲ್ಲೆಲ್ಲ ಮಕ್ಕಳನ್ನು ಕೂಡಿಸಲಾಗದೆ ಮಾಸ್ತರರು ಅಳುತ್ತಿರುವಾಗ ಇಲ್ಲಿ ಅಪ್ಪಂದಿರನ್ನೂ ಕೂಡಿಸಿದ್ದಾರೆಂದು ಹೊಗಳಿದರು. ಒಂದೂ ಜಾಗ ಖಾಲಿಯಿರಲಿಲ್ಲ. ಮಾಸ್ತರರ ಮುಖ ಅರಳಿತು.

ಅಷ್ಟರಲ್ಲಿ ಯಲ್ಲವ್ವ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. ಅವಳು ತನ್ನ ಹೊಲದ ಅಟ್ಟಣಿಗೆಯಿಂದ ಇಳಿದು ನೇರ ಬಂದಿದ್ದಳು. “ಲಗಮಣ್ಣಾ, ನಿನ್ನ ಹೊಲದಾಗ ಗಿಳಿ, ಗುಬ್ಬಿ ಎಲ್ಲಾ ಊಟಕ್ಕ ಕುಂತಾವ. ಅಟ್ಟಣಿಗಿ ಮ್ಯಾಲ ಹುಡಗ ಕಾಣಸವಲ್ದು.”

 ಲಗಮಪ್ಪ ಓಡಬೇಕೆಂದು ಎದ್ದ, ಎರಡು ಹೆಜ್ಜೆಗೆ ಕಾಲು ಮಡಚಿ ಕಾಶೆವ್ವನ ಪಾಟಿಚೀಲದ ಮೇಲೆ ಕುಸಿದ. ಮತ್ತೆ ಎದ್ದ, ಮತ್ತೆ ಕುಸಿದ. ಹೊಲದಲ್ಲಿ ವರ್ಷದ ರೊಟ್ಟಿ ಹಕ್ಕಿಯ ಹೊಟ್ಟೆಗೆ ಹೋಗುತ್ತಿತ್ತು. ಇಲ್ಲಿ ಅವನು ಈಗಷ್ಟೇ ಈದ ಎಮ್ಮೆಯ ಕರುವಿನಂತೆ ಮುಗ್ಗರಿಸುತ್ತಿದ್ದ. “ಯಾರರೆ ಓಡ್ರೆಪಾ,” ಎಂದ. 

ಮುರಿಗೆಪ್ಪ ಚೇಷ್ಟೆ ಬಿಟ್ಟು ಓಡಿದ. ಸೋಮಪ್ಪ ಮುದುಕನೂ ಧೋತರ ಎತ್ತಿ ಕಟ್ಟಿ ಓಡಿದ. ಯಲ್ಲವ್ವ ದಾರಿಯಲ್ಲಿ ನೆರೆಹೊಲದ ಶೆಟ್ಟೆವ್ವನನ್ನೂ ಅವಳ ತಗಡಿನ ಡಬ್ಬಿಯನ್ನೂ ಕರೆದುಕೊಂಡು ಹೋದಳು.

ಹೋಗಿ ನೋಡಿದರೆ ಸತ್ತೆಪ್ಪ ಓಡಿಹೋಗಿರಲಿಲ್ಲ, ಮಲಗಿಯೂ ಇರಲಿಲ್ಲ. ಗಿಡ್ಡ ಅಟ್ಟಣಿಗೆಯ ಮೇಲೆ, ತೆನೆಗಳ ಕೆಳಗೆ, ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ ಮಗ್ಗಿ ಹೇಳುತ್ತಿದ್ದ. ಸಾಹೇಬರು ಬರುವ ದಿನವಲ್ಲವೇ, ಅಭ್ಯಾಸ ತಪ್ಪಿಸಬಾರದು. ತಲೆಯ ಮೇಲೆ ಗಿಳಿಗಳು ಮಗ್ಗಿಯ ತಾಳಕ್ಕೆ ಸರಿಯಾಗಿ ಕಾಳು ಒಡೆಯುತ್ತಿದ್ದವು.

ನಾಲ್ವರೂ ನಾಲ್ಕು ದಿಕ್ಕಿಗೆ ನಿಂತು ಹೊತ್ತು ಮುಳುಗುವ ತನಕ ಕೂಗಿದರು, ಬಡಿದರು, ಕಲ್ಲು ಬೀಸಿದರು. ಒಂದು ಅಂಚು ಹೋಯಿತು. ಉಳಿದ ಜೋಳ ಉಳಿಯಿತು.

ಸಂಜೆ ನಾಲ್ವರೂ ಲಗಮಪ್ಪನ ಅಂಗಳಕ್ಕೆ ಬಂದರು. ಅವನ ಕಾಲುಗಳಿಗೆ ಆಗಷ್ಟೇ ಜೀವ ಬಂದಿತ್ತು. ಮೆಣಸಿನ ಘಾಟಿನ ಸೀರೆಯಲ್ಲೇ ಬಾಳವ್ವ ಎಲ್ಲರಿಗೂ ಬೆಲ್ಲ ನೀರು ಕೊಟ್ಟಳು. ಲಗಮಪ್ಪನ ಕಣ್ಣು ತುಂಬಿ ಬಂದಿತ್ತು.

“ನಿಮ್ಮ ಋಣ ಇಟ್ಕೊಳ್ಳೂದಿಲ್ಲ. ನಾಕ್ ಮಂದೀದು ನಾಕ್ ಮುಯ್ಯಿ ನನ್ನ ಮ್ಯಾಲ ಅದಾವ. ಹೆಗಲ ನೆಟ್ಟಗಾದ ಮ್ಯಾಲ ಜ್ವಾಳ ಕೊಯ್ಯಾಕ ಬಂದು ತೀರಸ್ತೇನಿ.”

ಮುರಿಗೆಪ್ಪ ಬಾಯಿ ಒರೆಸಿಕೊಂಡ. “ಕೊಯ್ಯಾಕ ಮಂದಿ ಅದಾರಪಾ. ನಮಗ ಬೇಕಾದದ್ದು ಈಗ. ಸಾಹೇಬ್ರು ಶಿವರಾತ್ರಿ ಒಳಗ ಇನ್ನೊಮ್ಮೆ ಬರ್ತಾರಂತ, ಯಾವಾಗ ಅಂತ ಹೇಳೂದಿಲ್ಲಂತ. ಮಾಸ್ತರ ಹುಡುಗರನ್ನ ಬಿಡವಲ್ರು. ನನ್ನ ಹೇಣ್ತಿ ಅಟ್ಟಣಿಗಿ ಮ್ಯಾಲ ಕೂಗಿ ಕೂಗಿ ದನೀನ ಕಳಕೊಂಡಾಳ. ನಾಳಿ ನನ್ನ ಮಗಾ ಹೊಲಕ್ಕ ಬರ್ಲಿ. ಅವನ ಜಾಗಾಕ್ಕ ನೀ ಕುಂದ್ರು.”

“ನಾಡ್ದ ನಮ್ಮ ಕಾಶೆವ್ವನ ಬದಲಿ,” ಎಂದ ಸೋಮಪ್ಪ.

“ಆಮ್ಯಾಲ ನಮ್ಮ ಹುಡುಗನ ಬದಲಿ,” ಎಂದಳು ಯಲ್ಲವ್ವ. “ಊರಾಗ ಕುಂದರಾಕ ಬರೂ ದೊಡ್ಡ ಮನಷ್ಯಾ ನೀ ಒಬ್ಬನ ಅದಿ.” ಶೆಟ್ಟೆವ್ವ ತನ್ನದೂ ಸೇರಿಸಿಕೊಳ್ಳಿ ಎಂಬಂತೆ ಡಬ್ಬಿ ತಟ್ಟಿದಳು.

ಲಗಮಪ್ಪ ಬೆಚ್ಚಿದ. “ನನ್ನ ಹೊಲಾ ಯಾರ ಕಾಯ್ಬೇಕು? ಈ ನನ್ನ ಮಗನ್ನ ಕಳಸಿದ್ರ ಮತ್ತ ಕುಂದರತಾನ.”

“ಅದರ ಚಿಂತಿ ಬ್ಯಾಡ. ನಮ್ಮ ಹೊಲದ ಜೋಡಿ ನಿಂದೂ ನಾವ ಕಾಯ್ತೇವಿ. ಸತ್ತೆಪ್ಪ ಆರಾಮ ಸಾಲಿಗಿ ಹೋಗಲಿ,” ಎಂದ ಮುರಿಗೆಪ್ಪ.

ಇದಕ್ಕಿಂತ ದೊಡ್ಡ ಉಪಕಾರವಿಲ್ಲವೆನಿಸಿ ಲಗಮಪ್ಪ ತಲೆಯಾಡಿಸಿದ. ನಾಲ್ವರೂ ಎದ್ದು ಹೋದರು. ಬಾಳವ್ವ ಚೆಂಬು ಒಟ್ಟುಗೂಡಿಸಿದಳು. ಆಮೇಲೆ ಕೇಳಿದಳು:

“ನಾಳಿ ನೀವು ಸಾಲ್ಯಾಗ ಕುಂತು ಮುರಿಗೆಪ್ಪಂದು ಒಂದು ಮುಯ್ಯಿ ತೀರಸ್ತೀರಿ. ಹೌದಿಲ್ಲೋ?”

“ಹೌದು.”

“ಅಷ್ಟೊತ್ತು ನಾಕೂ ಮನಿಯವರು ನಮ್ಮ ಹೊಲಾ ಕಾಯ್ತಾರ. ಅದು ಯಾರ ಲೆಕ್ಕಕ್ಕ?”

ಲಗಮಪ್ಪ ಬೆರಳು ಮಡಚಿ ಎಣಿಸಿದ. ಒಂದು ತೀರಿಸಲು ಕುಳಿತರೆ, ಕುಳಿತಷ್ಟು ಹೊತ್ತಿನಲ್ಲಿ ನಾಲ್ಕು ಹುಟ್ಟುತ್ತಿದ್ದವು. ತಾನು ಎಷ್ಟು ಹೆಚ್ಚು ಕುಳಿತರೆ ಅಷ್ಟು ಹೆಚ್ಚು ಕೂಡಬೇಕಾಗುತ್ತದೆ. ಅವನು ಮೆಲ್ಲಗೆ ಹೊಸ್ತಿಲ ಮೇಲೆ ಕುಳಿತ, ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ.

ಒಳಗೆ ರೊಟ್ಟಿ ತಿನ್ನುತ್ತಿದ್ದ ಸತ್ತೆಪ್ಪ ಎದ್ದು ಬಂದು ಅಪ್ಪನ ಪಕ್ಕದಲ್ಲಿ ಕುಳಿತ.

“ಅಪ್ಪಾ, ಒಂದ್ ಮಾತು. ಗ್ವಾಡಿ ಬಾಜೂ ಜಾಗಾ ನಂದು. ನಾಳಿ ನಾ ಬರಾಂವ ಅದೇನಿ, ಅಲ್ಲಿ ಕುಂದರಬ್ಯಾಡ. ಮುರಿಗೆಪ್ಪ ಕಾಕಾನ ಮಗಾ ಮಾಸ್ತರ ಎದುರಿಗೇ ಕುಂದರತಾನ. ಅಲ್ಲಿ ಗ್ವಾಡೀನೂ ಇಲ್ಲ, ಮಾಸ್ತರ ಹಲಗಿ ಕಡೆ ತಿರಗಿದ್ರೂ ಹಲಗಿ ಮ್ಯಾಲ ಬೀಳೂ ನಿನ್ನ ನೆಳ್ಳಿನ್ಯಾಗ ಅವರಿಗೆ ಎಲ್ಲಾ ಕಾಣತೈತಿ.”