ರಾಗಿ ಕಣಜದ ಮಟ್ಟವೂ ಬೇಸ್ ಗಿಟಾರಿನ ನಾದವೂ

ನಾದ ಸಮನ್ವಯ ಇಲಾಖೆ
ಕಡೂರು, ತರೀಕೆರೆ ಮತ್ತು ಅಜ್ಜಂಪುರ ವಲಯ

ಸಂಖ್ಯೆ: ನಾಸಇ/ಗುಂಯ್/17/85–86
ದಿನಾಂಕ: 22-4-1985

ವಿಷಯ: ಪಂಚನಹಳ್ಳಿ ವಾದ್ಯವೃಂದದ ಬೇಸ್ ಗಿಟಾರಿಗೆ ತಕ್ಕ ನಾದವನ್ನು ಗೊತ್ತುಪಡಿಸುವ ಬಗ್ಗೆ.

ಉಲ್ಲೇಖ: 1. ವಾದ್ಯವೃಂದದ ಮುಖ್ಯಸ್ಥ ಶ್ರೀ ಕಲ್ಲೇಶಪ್ಪನವರ ಮೌಖಿಕ ಎಚ್ಚರಿಕೆ.
2. ಶ್ರೀಮತಿ ಹಾಲಮ್ಮನವರು ಅಡುಗೆಮನೆಯಿಂದಲೇ ಸಲ್ಲಿಸಿದ ಆಕ್ಷೇಪಣೆ.

ಪೀಠಿಕೆ:

ಹಾಡಿನ ತಳದಲ್ಲಿ ನಿಂತು ಕೇಳುಗರ ಎದೆಯನ್ನು ಮೆಲ್ಲಗೆ ತಟ್ಟುವ ನಾದವೊಂದು ಪಂಚನಹಳ್ಳಿಯ ಬೇಸ್ ಗಿಟಾರ್ ವಾದಕ ಶ್ರೀ ಚಿಕ್ಕಬೀರಪ್ಪನವರ ಮನಸ್ಸಿನಲ್ಲಿ ಬಹುಕಾಲದಿಂದ ಮೊಳಗುತ್ತಿದ್ದು, ತರೀಕೆರೆಯಿಂದ ಬಾಡಿಗೆಗೆ ತಂದ ಸ್ಪೀಕರಿನಿಂದ ಮಾತ್ರ ಅದು ಹೊರಬಂದಿರುವುದಿಲ್ಲ. ಮೇ ತಿಂಗಳ ಮೊದಲ ಭಾನುವಾರ ಅಜ್ಜಂಪುರದ ಶ್ರೀ ದೇವೀರಪ್ಪನವರ ಮಗಳ ಆರತಕ್ಷತೆಯಲ್ಲಿ ಸದರಿ ವೃಂದವು ನುಡಿಸಬೇಕಾಗಿದೆ. ಈ ಸಂಬಂಧ ಕಲ್ಲೇಶಪ್ಪನವರು, "ಲೇ, ಇದೇನ್ ಬೇಸೇನೋ, ಖಾಲಿ ಡಬ್ಬಕ್ಕೆ ದುಂಬಿ ಹೊಕ್ಕಂಗೈತೆ! ಅಷ್ಟ್ರೊಳಗೆ ಸರಿಹೋಗ್ಲಿಲ್ಲ ಅಂದ್ರೆ ನಿನ್ ಜಾಗಕ್ಕೆ ನಿಮ್ಮಪ್ಪನ್ ಡೊಳ್ಳು ಕೂರಿಸ್ತೀನಿ ಕಣೋ" ಎಂದು ತಿಳಿಯಪಡಿಸಿರುತ್ತಾರೆ. ಈ ಮಾತು ಕಿವಿಗೆ ಬಿದ್ದೊಡನೆ ತಂದೆ ಶ್ರೀ ಬೀರಯ್ಯನವರು ಡೊಳ್ಳಿನ ಹಗ್ಗ ಬಿಗಿಯತೊಡಗಿದ್ದು, ಇದನ್ನು ಮಗನಿಗೆ ಧೈರ್ಯ ತುಂಬುವ ಕ್ರಮವೆಂದು ಪರಿಗಣಿಸಲು ಬರುವುದಿಲ್ಲ.

ತರುವಾಯ, ಬೇರೆಡೆ ಜಾಗವಿಲ್ಲದೆ ಸ್ಪೀಕರನ್ನು ನಡುಮನೆಯಲ್ಲಿರುವ ಹಲಸಿನ ಹಲಗೆಯ ರಾಗಿ ಕಣಜದ ಮೇಲೆ ಇರಿಸಲಾಗಿ, ಬಯಸಿದ ನಾದವು ತಾನಾಗಿ ಹೊರಹೊಮ್ಮಿತು. ಮಾರನೆಯ ದಿನ ಆ ನಾದ ಅಲ್ಲಿರಲಿಲ್ಲ. ವಿಚಾರಿಸಲಾಗಿ, ತಾಯಿ ಹಾಲಮ್ಮನವರು ಬೀಸಲೆಂದು ರಾಗಿ ತೆಗೆದದ್ದು ಬೆಳಕಿಗೆ ಬಂದಿದೆ. ಕಣಜ ತುಂಬಿದ್ದರೆ ನಾದ ಮಂಕು, ಬರಿದಾದರೆ ಬೊಬ್ಬೆ. ಇವೆರಡರ ನಡುವೆ ಎಲ್ಲಿಯೋ ಚಿಕ್ಕಬೀರಪ್ಪನವರ ನೆಮ್ಮದಿ. ಆದಕಾರಣ ಸಂಬಂಧಪಟ್ಟ ಎಲ್ಲರ ಪಾಲನೆಗಾಗಿ ಈ ಕೆಳಕಂಡ ನಿಯಮಗಳನ್ನು ವಿಧಿಸಲಾಗಿದೆ:

1. ತೆಗೆದ ರಾಗಿಯನ್ನು ಮರಳಿ ಸುರಿದು, ಚಿಕ್ಕಬೀರಪ್ಪನವರು ಕಿವಿಯಾನಿಸಿ "ಸಾಕು" ಎಂದ ಕೂಡಲೇ ಕಣಜದ ಒಳಬದಿಗೆ ಸೀಮೆಸುಣ್ಣದ ಗೆರೆ ಎಳೆಯತಕ್ಕದ್ದು. ಈ ಗೆರೆಯು ಇಲಿಗಳಿಗೂ ಅನ್ವಯಿಸುತ್ತದೆ.

2. ಆರತಕ್ಷತೆ ಮುಗಿಯುವವರೆಗೆ ಮನೆಮಂದಿ ಹಿಟ್ಟಿನ (ಅಂದರೆ ರಾಗಿಮುದ್ದೆಯ) ಬದಲು ಅನ್ನ ಉಣ್ಣತಕ್ಕದ್ದು. ಅನ್ನವನ್ನು ಬೀರಯ್ಯನವರು "ಜ್ವರ ಬಂದೋರ್ ಊಟ" ಎಂದು ಕರೆದಿರುವುದನ್ನು ಗಮನಿಸಲಾಗಿದೆ. ಜ್ವರ ಬಂದಿದೆಯೆಂದೇ ಭಾವಿಸಿ ಉಣ್ಣುವಂತೆ ಅವರಿಗೆ ಈ ಮೂಲಕ ಸೂಚಿಸಲಾಗಿದೆ.

3. ರಾಗಿಗೆ ಬದಲಾಗಿ ಹುರುಳಿ ತುಂಬುವ ಪ್ರಸ್ತಾವವನ್ನು ತಿರಸ್ಕರಿಸಲಾಗಿದೆ.

4. ಬಯಲಿನಲ್ಲಿ ನಾದ ಹುಡುಕುವ ಯತ್ನವನ್ನು ಕೈಬಿಡತಕ್ಕದ್ದು. ದನ ಮೇಯುವ ಎಮ್ಮೆದೊಡ್ಡಿ ಕಾವಲಿನ ಅಂಚಿನಲ್ಲಿ ಬ್ಯಾಟರಿ ಹೂಡಿ ನಡೆಸಿದ ಪ್ರಯೋಗದಲ್ಲಿ ಅಮೃತಮಹಲ್ ಹೋರಿಯೊಂದು ದಪ್ಪ ತಂತಿಯ ನಾದವನ್ನು ಎದುರಾಳಿಯ ಕರೆಯೆಂದು ಬಗೆದು ತಕ್ಕ ಉತ್ತರ ನೀಡಿರುತ್ತದೆ. ಹೋರಿಯ ಶ್ರುತಿಯೇ ಹೆಚ್ಚು ಶುದ್ಧವಾಗಿತ್ತೆಂಬ ಕಲ್ಲೇಶಪ್ಪನವರ ಅಭಿಪ್ರಾಯವನ್ನು ಕಡತಕ್ಕೆ ಸೇರಿಸಿರುವುದಿಲ್ಲ.

5. ಕಣಜವನ್ನು ಮನೆಯೊಳಗೇ ಜೋಡಿಸಿರುವುದರಿಂದ ಅದು ಬಾಗಿಲು ದಾಟಲಾರದು. ಆದ್ದರಿಂದ ಆರತಕ್ಷತೆಯನ್ನೇ ಅಜ್ಜಂಪುರದಿಂದ ಹಾಲಮ್ಮನವರ ಅಂಗಳಕ್ಕೆ ವರ್ಗಾಯಿಸಲಾಗಿದೆ. ವಧೂವರರು ತಪ್ಪದೆ ಹಾಜರಿರತಕ್ಕದ್ದು. "ಅಲ್ಲಾ ಕಣ್ರೀ, ಹೆಣ್ಣು ನಮ್ದು, ಗಂಡು ಅವ್ರ್ದು. ಈ ಕಣಜ ಯಾರ್ ಕಡೆ ನೆಂಟ?" ಎಂದು ದೇವೀರಪ್ಪನವರು ಕೇಳಿದ್ದು, ಉತ್ತರವಾಗಿ ಅವರನ್ನು ಕಣಜಕ್ಕೆ ಬೆನ್ನು ಕೊಟ್ಟು ಕೂರಿಸಿ ಒಂದು ಹಾಡು ನುಡಿಸಲಾಯಿತು. ಹಾಡು ಮುಗಿದ ಮೇಲೂ ಕಣಜದಿಂದ ಬೆನ್ನು ತೆಗೆಯದೆ "ಹಂಗಾದ್ರೆ ಬತ್ತೀವಿ ಬಿಡ್ರಪ್ಪಾ" ಎಂದು ಸಮ್ಮತಿಸಿರುತ್ತಾರೆ.

6. ಅತಿಥಿಗಳಿಗಾಗಿ ರಾಗಿ ತೆಗೆದರೆ ನಾದವು ಕೆಡುವುದರಿಂದ, ಕೊನೆಯ ಹಾಡು ಮುಗಿಯುವವರೆಗೆ ಯಾರಿಗೂ ಊಟ ಬಡಿಸತಕ್ಕದ್ದಲ್ಲ.

7. ಕಂಡಿಕೆ 6ನ್ನು ಓದಿ ಹೇಳಲಾಗಿ ಹಾಲಮ್ಮನವರು, "ಲೇ ಚಿಕ್ಕಬೀರ, ಅಷ್ಟ್ ದೂರದಿಂದ ಹಸ್ಕೊಂಡ್ ಬಂದೋರ್ಗೆ ಗುಂಯ್ ಅನ್ಸಿ ಕಳಿಸ್ತೀಯೇನೋ? ಮೊದ್ಲು ಹಿಟ್ಟು, ಆಮ್ಯಾಕೆ ನಿನ್ ತಂತಿ" ಎಂದು ಆಕ್ಷೇಪಿಸಿರುತ್ತಾರೆ. ಚಿಕ್ಕಬೀರಪ್ಪನವರು ಗಿಟಾರನ್ನು ಗೋಡೆಗೊರಗಿಸಿ, ಸೀಮೆಸುಣ್ಣದ ಗೆರೆಯನ್ನು ತಮ್ಮ ಅಂಗೈಯಿಂದಲೇ ಒರೆಸಿರುತ್ತಾರೆ.

8. ಆದ್ದರಿಂದ ಕಂಡಿಕೆ 1, 2 ಮತ್ತು 6ನ್ನು ರದ್ದುಪಡಿಸಲಾಗಿದೆ. ಬಂದವರೆಲ್ಲರ ಊಟಕ್ಕೆ ತೆಗೆದ ಮೇಲೆ ಕಣಜದಲ್ಲಿ ಎಷ್ಟು ರಾಗಿ ಉಳಿಯುವುದೋ, ಅಷ್ಟರ ಮೇಲೆ ಹೊರಡುವ ನಾದವನ್ನೇ ತಕ್ಕ ನಾದವೆಂದು ಭಾವಿಸತಕ್ಕದ್ದು. ಎರಡನೆಯ ಮುದ್ದೆ ಉಂಡವರಿಗೆ ಆ ಬಗ್ಗೆ ತಕರಾರೆತ್ತುವ ಹಕ್ಕಾಗಲಿ, ವಾದಕನನ್ನು ಬದಲಿಸುವ ಅಧಿಕಾರವಾಗಲಿ ಇರುವುದಿಲ್ಲ. ಕಲ್ಲೇಶಪ್ಪನವರು ಎಂದೂ ಒಂದೇ ಮುದ್ದೆಗೆ ಎದ್ದವರಲ್ಲವೆಂಬುದನ್ನು ಇಲಾಖೆಯು ಖಚಿತಪಡಿಸಿಕೊಂಡಿರುತ್ತದೆ.

(ಸಹಿ/-)
ಓಬಳಪ್ಪ
ನಾದ ಸಮನ್ವಯಾಧಿಕಾರಿ (ಪ್ರಭಾರ)

ಪ್ರತಿಗಳು:
1. ಶ್ರೀ ಕಲ್ಲೇಶಪ್ಪ: ಕೈ ತೊಳೆಯುವ ಮುನ್ನ ಓದಿಕೊಳ್ಳಲು.
2. ಶ್ರೀ ಬೀರಯ್ಯ: ಡೊಳ್ಳಿನ ಹಗ್ಗ ಸಡಿಲಿಸುವ ಕೋರಿಕೆಯೊಂದಿಗೆ.
3. ಎಮ್ಮೆದೊಡ್ಡಿ ಕಾವಲಿನ ಹೋರಿ: ಮಾಹಿತಿಗಾಗಿ. ಉತ್ತರ ನಿರೀಕ್ಷಿಸಿರುವುದಿಲ್ಲ.
4. ಕಚೇರಿ ಪ್ರತಿ: ಹಿಟ್ಟಿನ ಪಾತ್ರೆಯನ್ನು ಒಲೆಯಿಂದ ಇಳಿಸಲು ಶ್ರೀಮತಿ ಹಾಲಮ್ಮನವರು ತೆಗೆದುಕೊಂಡಿರುತ್ತಾರೆ.