ಗೋಡೆಯ ಮೇಲಿನ ಗದ್ದ

ನಮ್ಮಣ್ಣನ ಗದ್ದ ಅವನ ಮುಖದಲ್ಲಿರಲಿಲ್ಲ, ಗೋಡೆಯ ಮೇಲಿತ್ತು! ನೀವು ನಗುತ್ತೀರಿ ಅಂತ ಗೊತ್ತು. ನಗಿ. ಹೊಸನಗರದ ಅವನ ಹೊಲಿಗೆ ಅಂಗಡಿಗೆ ಬ್ಲೌಸ್ ಕೊಡಲು ಬಂದ ಹೆಂಗಸರೂ ಮೊದಲು ನಕ್ಕವರೇ. ಆಮೇಲೆ ಗೋಡೆ ನೋಡಿ, ಸೆರಗು ಹೊದ್ದುಕೊಂಡು, ಬೇಗ ಬೇಗ ಹೊರಟವರೇ.

ಹುಟ್ಟಿನಿಂದಲೇ ಅವನ ಕೆಳದವಡೆ ಹಿಂದಕ್ಕೆ ಸರಿದಿತ್ತು. ತುಟಿಯಿಂದ ಹೊರಟ ಮುಖ ನಡುವೆ ಎಲ್ಲೂ ನಿಲ್ಲದೆ ಸೀದಾ ಕುತ್ತಿಗೆಗೆ ಇಳಿದುಬಿಡುತ್ತಿತ್ತು. ಮೇಲಿನ ಮುಂಬಲ್ಲಿಗೂ ಕೆಳಗಿನದಕ್ಕೂ ಒಮ್ಮೆಯೂ ಭೇಟಿಯಾಗಿರಲಿಲ್ಲ. ಹಲ್ಲಿನಿಂದ ದಾರ ಕಡಿಯಲಾರದ ದರ್ಜಿಯನ್ನು ನೀವು ಕಂಡಿದ್ದೀರಾ? ಕತ್ತರಿಯನ್ನು ದಾರದಲ್ಲಿ ಪೋಣಿಸಿ ಕೊರಳಿಗೇ ಕಟ್ಟಿಕೊಂಡಿದ್ದ. ಯಾರಾದರೂ ಫೋಟೋ ತೆಗೆಯಲು ಬಂದರೆ ಮಾತ್ರ ಅಳತೆಯ ಟೇಪನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದ.

ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ನಾವಿಬ್ಬರೇ. ನಾನು ಅವನ ತಂಗಿ, ಅಂಗನವಾಡಿಯಲ್ಲಿ ಕೆಲಸ. ಇಬ್ಬರಿಗೂ ಮದುವೆಯಾಗಲಿಲ್ಲ, ಅದು ಬೇರೆ ಕತೆ. ದವಡೆಯ ಬಗ್ಗೆ ಅವನಿಗೆ ನಲವತ್ತು ದಾಟುವವರೆಗೆ ಚಿಂತೆಯಿರಲಿಲ್ಲ. ಚಿಂತೆ ಶುರುವಾದದ್ದು ನನಗೆ. ಭಾನುವಾರ ಮಧ್ಯಾಹ್ನ ಊಟ ಮಾಡಿ ಅಂಗಡಿಯ ಬೆಂಚಿನ ಮೇಲೆ ಮಲಗಿದನೆಂದರೆ ಗೊರಕೆ ಏರುತ್ತಾ ಏರುತ್ತಾ ಹೋಗಿ ಒಮ್ಮೆಲೇ ನಿಂತುಬಿಡುತ್ತಿತ್ತು. ಗೊರಕೆ ನಿಂತರೆ ಸಂತೋಷ. ಇವನದು ಉಸಿರೇ ನಿಲ್ಲುತ್ತಿತ್ತು! ಎದೆ ಅಲುಗುತ್ತಿರಲಿಲ್ಲ. ಮಿಷನ್ನಿನ ಚಕ್ರ, ಗೋಡೆಯ ಹಲ್ಲಿ, ಮೊಳೆಗೆ ನೇತುಹಾಕಿದ ತಲೆಯಿಲ್ಲದ ರವಿಕೆಗಳು, ಎಲ್ಲವೂ ಅವನ ಜೊತೆ ಉಸಿರು ಹಿಡಿದಂತೆ ಕಾಣುತ್ತಿತ್ತು. ನಾನು ಎಣಿಸುತ್ತಿದ್ದೆ. ಅಂಗಡಿಗೆ ಬಂದವರಿಗೂ ಅದು ರೂಢಿಯಾಯಿತು.

"ಎಷ್ಟಾಯ್ತೇ?" ಬಾಗಿಲಲ್ಲೇ ನಿಂತು ಪಕ್ಕದ ಬೀದಿಯ ಹೆಂಗಸು ಪಿಸುಗುಡುತ್ತಿದ್ದಳು.

"ಹದಿನೆಂಟು."

"ಹೋದ್ವಾರ ಇಪ್ಪತ್ತೆರಡಾಗಿತ್ತಲ್ಲೆ?"

ಅಷ್ಟರಲ್ಲಿ ಬಾವಿಯ ತಳದಿಂದ ಯಾರೋ ಎಳೆದಂತೆ 'ಹಕ್' ಎಂದು ಉಸಿರು ಬರುತ್ತಿತ್ತು. ಇವನು ಎದ್ದು ಕೂತು, ಕಣ್ಣು ಬಿಡುವ ಮೊದಲೇ, "ಹುಕ್ಕು ಹಾಕೋದೊಂದು ಬಾಕಿ, ನಾಳೆ ಬನ್ನಿ" ಅನ್ನುತ್ತಿದ್ದ!

ಕೊನೆಗೆ ಘಾಟಿ ಇಳಿಸಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಗಾಳಿ ಊದುವ ಒಂದು ಯಂತ್ರವಿದೆ, ಮಲಗುವಾಗ ಮುಖಕ್ಕೆ ಹಾಕಿಕೊಳ್ಳಬಹುದು ಎಂದರು ಡಾಕ್ಟರು. "ಅದು ಕರೆಂಟಿಂದಾ?" ಅಂತ ಕೇಳಿದ. ಹೌದೆಂದರು. "ನಾವು ಹೊಸನಗರದವ್ರು ಸಾರ್, ಕರೆಂಟು ಅಲ್ಲಿ ನಿಲ್ಲೋದಿಲ್ಲ" ಎಂದ, ಆ ಮಾತು ಅಲ್ಲಿಗೇ ಮುಗಿಯಿತು. ಇನ್ನೊಂದು ದಾರಿ ಆಪರೇಷನ್. ಒಂದಷ್ಟು ಕಾಲ ಹಲ್ಲಿಗೆ ತಂತಿ ಕಟ್ಟಿ, ಆಮೇಲೆ ದವಡೆಯ ಮೂಳೆಯನ್ನು ಎರಡೂ ಕಡೆ ಸೀಳಿ, ಮುಂದಕ್ಕೆ ತಂದು, ತಗಡು ಸ್ಕ್ರೂ ಹಾಕಿ ನಿಲ್ಲಿಸುವುದು. ಗಂಟಲ ದಾರಿ ಅಗಲವಾಗುತ್ತದೆ, ಉಸಿರು ಕಟ್ಟುವುದು ಕಮ್ಮಿಯಾಗಬಹುದು. ಆದರೆ ಕೆಳತುಟಿ ಜೋಮು ಹಿಡಿಯಬಹುದು, ಕೆಲವರಿಗೆ ಅದು ಹಾಗೇ ಉಳಿಯಲೂಬಹುದು. ವಾರಗಟ್ಟಲೆ ಗಂಜಿ ನೀರೇ ಊಟ.

ಬಸ್ಸಿನಲ್ಲಿ ಬರುವಾಗ ಅಣ್ಣ ಹೇಳಿದ, "ಕತ್ರಿಸಿ ಮುಂದೆ ಎಳೀತಾರಂತೆ ಮಾರಾಯ್ತಿ. ನಡುವೆ ಬಟ್ಟೆ ಸಾಲದೆ ಬಂದ್ರೆ ಎಂತ ಮಾಡ್ತೀರಿ ಕೇಳ್ದೆ. ಮೂಳೆ ತಾನೇ ಬೆಳ್ಕೊಳ್ತದಂತೆ! ನಮ್ಮ ಕಸುಬಲ್ಲಿ ಆ ಭಾಗ್ಯ ಇಲ್ಲ ನೋಡು."

ಟ್ರಯಲ್ ನೋಡದೆ ಅವನು ಒಂದು ಬ್ಲೌಸನ್ನೂ ಮುಗಿಸಿ ಕೊಟ್ಟವನಲ್ಲ. ಕಚ್ಚಾ ಹೊಲಿಗೆ ಹಾಕಿ, ತೊಡಿಸಿ, ಬಟ್ಟೆಗೂ ಮೈಗೂ ನಡುವೆ ಬೆರಳು ತೂರಿಸಿ ನೋಡಲು ನನ್ನನ್ನು ಕರೆಯುತ್ತಿದ್ದ. "ಒಂದು ಬೆರಳು ಸಡಿಲ ಇರ್ಬೇಕು. ಉಸಿರಾಡೋದು ಬೇಡವಾ?" ಇದು ಅವನ ಶಾಸ್ತ್ರ. ಅಂಥವನು ದವಡೆಯನ್ನು ಟ್ರಯಲ್ ಇಲ್ಲದೆ ಬದಲಾಯಿಸಿಕೊಳ್ಳುತ್ತಾನೆಯೇ?

ಮೊದಲು ಮುಖದ ಟ್ರಯಲ್. ಆಪರೇಷನ್ ಆದಮೇಲೆ ಸುಮಾರು ಹೀಗೆ ಕಾಣಬಹುದು ಎಂದು ಡಾಕ್ಟರು ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ ಅವನ ಫೋನಿಗೆ ಬಂದಿತ್ತು. ಅದನ್ನು ಸಾಗರದ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿದ. ಸ್ಟುಡಿಯೋದವರು ಮೆತ್ತಗೆ ಕೇಳಿದರು, "ಯಾವಾಗ ತೀರ್ಕೊಂಡ್ರು?"

"ಇನ್ನೂ ಹುಟ್ಟಿಲ್ಲ ಮಾರಾಯ್ರೆ!"

ಆ ಫೋಟೋವನ್ನು ಅಂಗಡಿಯ ನಿಲುವುಗನ್ನಡಿಯ ಎದುರು ಗೋಡೆಗೆ ಹಾಕಿದ. ಕನ್ನಡಿ ನೋಡಿಕೊಳ್ಳುವ ಹೆಂಗಸಿಗೆ ತನ್ನ ಹೆಗಲ ಹಿಂದೆ ಚಂದದ ಗದ್ದದ ಗಂಡಸೊಬ್ಬ ನಿಂತು ನಸುನಗುವುದು ಕಾಣುತ್ತಿತ್ತು. ಬೆಚ್ಚಿ ತಿರುಗಿದರೆ ಅದೇ ಕಣ್ಣು, ಅದೇ ಮೂಗು, ಗದ್ದ ಮಾತ್ರ ಇಲ್ಲದ ನಮ್ಮಣ್ಣ! ನನಗೂ ಆ ಮನುಷ್ಯನನ್ನು ಕಂಡರಾಗುತ್ತಿರಲಿಲ್ಲ. ಅಣ್ಣ ಅಳುಮೋರೆ ಹಾಕಿಕೊಂಡಿದ್ದ ದಿನವೂ ಅವನು ನಗುತ್ತಲೇ ಇರುತ್ತಿದ್ದ.

ತೀರ್ಥಹಳ್ಳಿಯಿಂದ ಬಂದ ಸೋದರತ್ತೆ ಬಾಗಿಲಲ್ಲೇ ನಿಂತುಬಿಟ್ಟಳು. "ಅಪ್ಪಯ್ಯನ ಫೋಟೋ ಎಲ್ಲಿ ಸಿಕ್ತಾ ನಿಂಗೆ?" ಎಂದು ಗೊಳೋ ಅಂದಳು. ಅವಳ ಅಪ್ಪಯ್ಯ ಎಂದರೆ ನಮ್ಮ ಅಜ್ಜಯ್ಯ. ನಾವು ಹುಟ್ಟುವ ಮೊದಲೇ ಹೋದವರು, ಬದುಕಿದ್ದಾಗ ಒಂದು ಫೋಟೋವನ್ನೂ ತೆಗೆಸಿದವರಲ್ಲ. ಎಷ್ಟು ಬಿಡಿಸಿ ಹೇಳಿದರೂ ಅತ್ತೆ ಕೇಳಲಿಲ್ಲ. ಬಂದಾಗೆಲ್ಲ ಫೋಟೋಕ್ಕೆ ದಾಸವಾಳ ಇಟ್ಟು ಕೈಮುಗಿಯುತ್ತಿದ್ದಳು, ಕೆಳಗೆ ಕೂತವನನ್ನು ತಿರುಗಿಯೂ ನೋಡುತ್ತಿರಲಿಲ್ಲ.

ಅಣ್ಣ ಅಳತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ ಒಂದು ಕಡೆ 'ಲಾಭ', ಇನ್ನೊಂದು ಕಡೆ 'ನಷ್ಟ' ಎಂದು ಗೆರೆ ಹಾಕಿಟ್ಟಿದ್ದ. ಅವತ್ತು ನಷ್ಟದ ಕಡೆ ಬರೆದ: "ಅತ್ತೆ ನನ್ನ ಕಾಲಿಗೆ ಬೀಳುವ ಸಂಭವ."

ಮುಂದೆ ತುಟಿಯ ಟ್ರಯಲ್. ಲವಂಗದೆಣ್ಣೆ ತಿಕ್ಕಿ ತಿಕ್ಕಿ ಕೆಳತುಟಿಗೆ ಜೋಮು ಬರಿಸಿಕೊಂಡು ಕೆಲಸಕ್ಕೆ ಕೂತ. ದರ್ಜಿಗಳು ಗುಂಡುಪಿನ್ನನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದು ನಿಮಗೆ ಗೊತ್ತಲ್ಲ? ಸ್ವಲ್ಪ ಹೊತ್ತಿಗೆ ನಾನು ಕಾಫಿ ತಂದರೆ, ಪಿನ್ನೊಂದು ತುಟಿಗೆ ಚುಚ್ಚಿಕೊಂಡು ನಿಂತಿದೆ, ಬುಡದಲ್ಲಿ ರಕ್ತದ ಹನಿ. ಇವನು ಹಾಡು ಗುನುಗುತ್ತಿದ್ದಾನೆ! "ನೋವೇ ಇಲ್ಲ ಕಣೆ" ಎಂದ. ಬಹಳ ಹೊತ್ತು ಯೋಚಿಸಿ ಅದನ್ನು ಲಾಭ ನಷ್ಟ ಎರಡರಲ್ಲೂ ಬರೆದುಕೊಂಡ.

ಎಲ್ಲಕ್ಕಿಂತ ದೊಡ್ಡದು ಪಟ್ಟಿಯ ಟ್ರಯಲ್. ಆಪರೇಷನ್ ಆದಮೇಲೆ ಕೆಲವು ದಿನ ಬಾಯಿ ಮುಚ್ಚಿರಬೇಕಲ್ಲ, ತನ್ನಿಂದಾಗುತ್ತದೆಯೇ ನೋಡಬೇಕು ಅಂತ ಬಿಳಿ ಲೈನಿಂಗ್ ಬಟ್ಟೆಯಲ್ಲಿ ಉದ್ದದ ಪಟ್ಟಿ ಕತ್ತರಿಸಿ, ಎರಡೂ ಅಂಚು ಮಡಚಿ ಹೊಲಿದ. ದವಡೆಯ ಕೆಳಗಿನಿಂದ ನೆತ್ತಿಗೆ ನನ್ನ ಕೈಯಲ್ಲೇ ಕಟ್ಟಿಸಿಕೊಂಡ. "ಒಂದು ಬೆರಳು ಸಡಿಲ" ಎಂದ, ಹಲ್ಲು ಬಿಡದೆ. ಆಮೇಲೆ ಕಣ್ಣು ಮುಚ್ಚಿ ಕುರ್ಚಿಗೆ ಒರಗಿದ. ನಮ್ಮ ಕಡೆ ಹಾಗೆ ಪಟ್ಟಿ ಕಟ್ಟುವುದು ಯಾರಿಗೆ, ಯಾವಾಗ ಎಂದು ನಾನು ಹೇಳಬೇಕಾಗಿಲ್ಲ. ಬ್ಲೌಸ್ ಕೇಳಲು ಬಂದ ಹೆಂಗಸು ಬಾಗಿಲಲ್ಲೇ ಚೀರಿದಳು. ಬೀದಿಯವರು ಸೇರಿದರು, ಎದುರಂಗಡಿಯವರು ಅರ್ಧ ಬಾಗಿಲು ಎಳೆದರು, ಯಾರೋ ಊದುಬತ್ತಿಯನ್ನೂ ಹಚ್ಚಿಬಿಟ್ಟರು! ಬಾಯಿ ಬಿಟ್ಟರೆ ಟ್ರಯಲ್ ಕೆಡುತ್ತದಲ್ಲ. ಇವನು ಸೀಮೆಸುಣ್ಣ ತೆಗೆದುಕೊಂಡು ಮುಂದಿದ್ದ ಕಪ್ಪು ಬಟ್ಟೆಯ ಮೇಲೆ ದೊಡ್ಡದಾಗಿ ಬರೆದ: "ಇದ್ದೇನೆ."

ಚೀರಿದ ಹೆಂಗಸು ಕಣ್ಣೊರೆಸಿಕೊಂಡು, "ಹಂಗಾದ್ರೆ ನನ್ ಬ್ಲೌಸ್ ನಾಳೆ ಸಿಗ್ತದಾ?" ಎಂದಳು.

ಹೀಗೆ ನಷ್ಟ ಎರಡು ಹಾಳೆ ತುಂಬಿತು. ಲಾಭದ ಕಡೆ, ಆ ಪಿನ್ನೊಂದನ್ನು ಬಿಟ್ಟರೆ, ಎರಡೇ ಸಾಲು: 'ಉಸಿರು' ಮತ್ತು 'ತಂಗಿಗೆ ನಿದ್ದೆ'. ಮಳೆ ಹಿಡಿದ ಮೊದಲ ವಾರ ಪುಸ್ತಕವನ್ನು ನನ್ನ ಮುಂದೆ ತಳ್ಳಿದ.

"ನಂಗೆ ಬಗೆಹರೀತಿಲ್ಲ. ನೀನೇ ಹೇಳೆ. ಹೂಂ ಅಂದ್ರೆ ಹೋಗ್ತೀನಿ."

"ಮಳೆಗಾಲ ಕಳೀಲಿ. ಘಾಟಿ ರಸ್ತೆ ಕುಸ್ದಿದೆಯಂತೆ" ಎಂದೆ.

ರಸ್ತೆ ಕುಸಿದದ್ದು ನಿಜ. ನನ್ನ ಹೆದರಿಕೆ ಬೇರೆ ಇತ್ತು. ಘಾಟಿ ಇಳಿದು ಹೋಗುವವನು ನಮ್ಮಣ್ಣ, ಹತ್ತಿ ಬರುವವನು ಗೋಡೆಯ ಮೇಲಿನವನಾದರೆ? ಅಣ್ಣ "ಆಯ್ತು" ಅಂದ. ಪುಸ್ತಕ ಮಡಚಿ ಮಿಷನ್ನಿನ ಡ್ರಾಯರಿಗೆ ಹಾಕಿದ.

ಮಳೆ ಬಿಡುವ ಮೊದಲೇ, ಒಂದು ಸಂಜೆ ನಾಲ್ಕಕ್ಕೆ, ಅಂಗನವಾಡಿ ಮುಗಿಸಿ ಬಂದೆ. ಅಣ್ಣ ಬೆಂಚಿನ ಮೇಲೆ ಮಲಗಿದ್ದ. ಗೊರಕೆ ಇರಲಿಲ್ಲ. ಕೊಡೆ ಮಡಚುತ್ತಾ ಅಭ್ಯಾಸದಂತೆ ಎಣಿಸತೊಡಗಿದೆ. ಹದಿನೆಂಟಾಯಿತು. ಇಪ್ಪತ್ತೆರಡಾಯಿತು. ಮೂವತ್ತಕ್ಕೆ ಕೈ ಮುಟ್ಟಿದೆ. ತಣ್ಣಗಿತ್ತು. ಎದೆಯಿಂದ ಆಯಿತೋ, ಗಂಟಲಿನಿಂದ ಆಯಿತೋ, ಯಾರೂ ಖಚಿತವಾಗಿ ಹೇಳಲಿಲ್ಲ.

ತೀರ್ಥಹಳ್ಳಿಯಿಂದ ಅತ್ತೆ ಬಂದಳು. ದವಡೆಗೆ ಕಟ್ಟಲು ಬಟ್ಟೆ ತಾ ಎಂದರು ಯಾರೋ. ಹೊಲಿದು ಮುಗಿದ ಬಟ್ಟೆಗಳ ಕಪಾಟು ತೆರೆದೆ. ಆ ಪಟ್ಟಿ ಅಲ್ಲೇ ಇತ್ತು. ಒಗೆದು, ಇಸ್ತ್ರಿ ಹಾಕಿ, ಗಿರಾಕಿಗಳ ಬಟ್ಟೆಗೆ ಚುಚ್ಚುವ ಹಾಗೆ ಅದಕ್ಕೂ ಒಂದು ಚೀಟಿ ಚುಚ್ಚಿಟ್ಟಿದ್ದ: "ನನ್ನದು. ಅಳತೆ ಸರಿ ಇದೆ."

ಕಟ್ಟಲು ಬಾಗಿದೆ. ಅತ್ತೆ ಅವತ್ತು ಗೋಡೆಯ ಕಡೆ ನೋಡಲಿಲ್ಲ. ಅಣ್ಣನ ಮುಖದ ಹತ್ತಿರ ಕೂತು, ಗದ್ದವಿಲ್ಲದ ಜಾಗವನ್ನು ಸವರಿ, "ಬಿಗಿ ಮಾಡ್ಬೇಡೇ ಕೂಸೇ, ಅವ್ನಿಗೆ ಉಸಿರು ಕಟ್ತದೆ" ಎಂದಳು.

ಬಟ್ಟೆಗೂ ಅವನ ಮೈಗೂ ನಡುವೆ ಬೆರಳು ತೂರಿಸಿಕೊಂಡೇ ಗಂಟು ಹಾಕಿದೆ.